ಅಮ್ಮ ಮತ್ತು ಉಪ್ಪುನೀರಿನ ಮೀನು

ಮುಂಬಯಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಸಮುದ್ರಕ್ಕೂ ಜಾಗ ಕೊಟ್ಟಿದ್ದೇವೆಂದರೆ ವಾಚಕರು ನಗಬಹುದು. ನೂರು ಲೀಟರಿನ ಗಾಜಿನ ತೊಟ್ಟಿ. ಅದರಲ್ಲಿ ಎರಡು ಕ್ಲೌನ್ ಮೀನು. ಕಳೆದ ಮಳೆಗಾಲದಲ್ಲಿ ಗಾಜಿಗೆಲ್ಲ ಪಾಚಿ ಹತ್ತಿತು, ಮೀನುಗಳು ಮಂಕಾದವು. ಪರೀಕ್ಷಿಸಿ ನೋಡಿದರೆ ನೈಟ್ರೇಟು ಲೀಟರಿಗೆ 80 ಮಿಲಿಗ್ರಾಂ!

ಮೀನಿನ ಮಲವೂ ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯ ಆಗುತ್ತದೆ. ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟನ್ನಾಗಿ, ಬಳಿಕ ನೈಟ್ರೇಟನ್ನಾಗಿ ಮಾಡುತ್ತವೆ. ಈ ಕೊನೆಯದು ನಮ್ಮ ಕಚೇರಿಯ ಫೈಲಿನಂತೆ. ಮುಂದಕ್ಕೆ ಸಾಗದೆ ಅಲ್ಲಿಯೇ ರಾಶಿಬೀಳುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು, ಆರ್.ಓ. ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರದ ಉಪ್ಪು ಬೆರೆಸಿ ತುಂಬಿದೆವು. ಲೆಕ್ಕದಂತೆ 80 ಇದ್ದುದು 60 ಆಗಿ, 45 ಆಗಿ, ಮೂರನೆಯ ವಾರ 34ಕ್ಕೆ ಇಳಿಯಬೇಕು. ಆದರೆ ಪ್ರತಿ ವಾರವೂ ಇಳಿದಷ್ಟೇ ಮತ್ತೆ ಏರುತ್ತಿತ್ತು.

ಒಂದು ದಿನ ಅರ್ಧ ರಜೆ ಹಾಕಿ ಮನೆಗೆ ಬಂದೆವು. ಊರು ಬಿಟ್ಟು ನಮ್ಮೊಡನಿರಲು ಬಂದ ಅಮ್ಮ ತೊಟ್ಟಿಯ ಮುಂದೆ ಕುಳಿತು, “ಹಸಿವಾಯಿತೇನ್ರೋ ಮಕ್ಕಳಾ?” ಎನ್ನುತ್ತ ಆಹಾರ ಉದುರಿಸುತ್ತಿದ್ದಳು. ಬೈಯಲು ಬಾಯಿ ಬರಲಿಲ್ಲ. ಹಗಲೆಲ್ಲ ಅವಳ ಮಾತಿಗೆ ಇದ್ದವರು ಆ ಎರಡು ಮೀನುಗಳೇ!

ಈಗ ದಿನಕ್ಕೊಂದೇ ಚಿಟಿಕೆ. ಅದೂ ಸಂಜೆ ಎಲ್ಲರೂ ಸೇರಿದ ಮೇಲೆ, ಅಮ್ಮನ ಕೈಯಿಂದಲೇ. ನೈಟ್ರೇಟು 20ಕ್ಕೆ ಇಳಿದಿದೆ. ನಾವೂ ಕಚೇರಿ ಬಿಟ್ಟೊಡನೆ ನೇರವಾಗಿ ಮನೆ ಸೇರುತ್ತಿದ್ದೇವೆ.