ಅಂತರ್ಜಾಲದಲ್ಲಿ ಇಂಜಿನಿಯರಿಂಗ್ ವಿದ್ಯೆ

ಹಳ್ಳಿಯ ಮಕ್ಕಳು ಉನ್ನತ ವಿದ್ಯೆ ಪಡೆಯಬೇಕಾದರೆ ಅನ್ನ, ಆಶ್ರಯ, ಪುಸ್ತಕ ಈ ಮೂರೂ ಬೇಕು. ಮೊದಲಿನ ಎರಡನ್ನು ನಮ್ಮ ಮಠಗಳೂ ಉಚಿತ ವಿದ್ಯಾರ್ಥಿನಿಲಯಗಳೂ ಅಸಂಖ್ಯಾತ ಮಕ್ಕಳಿಗೆ ಒದಗಿಸಿವೆ. ಮೂರನೆಯದು, ಅದರಲ್ಲಿಯೂ ಇಂಜಿನಿಯರಿಂಗ್ ಪುಸ್ತಕ, ಬಹುಕಾಲ ಬಡವರ ಕೈಗೆಟುಕಲಿಲ್ಲ. ಇಂದು ಅಂತರ್ಜಾಲವು ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದೆ. ಆದರೆ ಅಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ತೂರಿ ತೆಗೆದುಕೊಳ್ಳುವ ವಿವೇಕ ನಮ್ಮದಾಗಬೇಕು.

ನಮ್ಮ ತಮ್ಮನ ಮಗ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಯಲಹಂಕದ ಸಮೀಪದ ಕಾಲೇಜೊಂದರಲ್ಲಿ ಸಿವಿಲ್ ಇಂಜಿನಿಯರಿಂಗ್ ಸೇರಿ, ನಮ್ಮ ಮನೆಯಲ್ಲಿಯೇ ಉಳಿದುಕೊಂಡಿದ್ದಾನೆ. ಮೊದಲ ವರ್ಷ ಇಂಗ್ಲಿಷ್ ಪಾಠಗಳು ತಿಳಿಯದೆ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದಾಗ, "ದೊಡ್ಡಪ್ಪ, ಊರಿಗೆ ಹೋಗಿ ಹೊಲ ನೋಡಿಕೊಳ್ಳುತ್ತೇನೆ" ಎಂದುಬಿಟ್ಟ. ಅವನನ್ನು ವಿದ್ಯೆಯ ದಾರಿಯಲ್ಲಿ ಉಳಿಸಿದ್ದು ಎನ್‌ಪಿಟೆಲ್ ಪಾಠಗಳು. ಏಳು ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ, ಕೇಂದ್ರ ಸರ್ಕಾರದ ನೆರವಿನಿಂದ 2003ರಲ್ಲಿ ಆರಂಭಿಸಿದ ಯೋಜನೆಯಿದು. 1909ರಲ್ಲಿ ಸ್ಥಾಪನೆಯಾದ ವಿಜ್ಞಾನ ಸಂಸ್ಥೆ ಯಶವಂತಪುರದ ಮಗ್ಗುಲಲ್ಲಿಯೇ ಇದೆ. ಅದರ ಮುಂದೆ ನಿತ್ಯ ಬಸ್ಸಿನಲ್ಲಿ ಹಾದುಹೋಗುವ ನಮ್ಮಂಥವರಿಗೆ ಒಳಗಿನ ಪಾಠ ಕೇಳುವ ಯೋಗವಿರಲಿಲ್ಲ. ಈಗ ಅಲ್ಲಿನ ಪ್ರಾಧ್ಯಾಪಕರ ಉಪನ್ಯಾಸ ನಮ್ಮ ಪಡಸಾಲೆಯಲ್ಲಿಯೇ ಕೇಳಿಬರುತ್ತದೆ, ಅದೂ ಉಚಿತವಾಗಿ. ತಿಳಿಯದಿದ್ದಲ್ಲಿ ನಿಲ್ಲಿಸಿ ಮೂರು ಸಲ ಕೇಳಿದರೂ ಗುರುಗಳು ಬೇಸರಿಸುವುದಿಲ್ಲ. ಇಂಗ್ಲಿಷಿಗೆ ಅಂಜುವ ಮಕ್ಕಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಇ-ಕುಂಭ್ ತಾಣದಲ್ಲಿ ಕನ್ನಡದ ಇಂಜಿನಿಯರಿಂಗ್ ಪಠ್ಯಪುಸ್ತಕಗಳೂ ಉಚಿತವಾಗಿ ದೊರೆಯುತ್ತವೆ. ಹುಡುಗ ಮರುವರ್ಷ ಎರಡೂ ವಿಷಯಗಳಲ್ಲಿ ತೇರ್ಗಡೆಯಾದ.

ಇದು ಕಾಳಿನ ಮಾತಾಯಿತು. ಇನ್ನು ಜೊಳ್ಳಿನ ಮಾತು. ನಮ್ಮ ಮನೆಯ ಮೇಲೆ ಒಂದು ಅಂತಸ್ತು ಕಟ್ಟಿಸಲು ಹೊರಟಾಗ, ತಾರಸಿಗೆ ಎಂ 15 ದರ್ಜೆಯ ಕಾಂಕ್ರೀಟ್ ಸಾಕೆಂದು ಗುತ್ತಿಗೆದಾರರು ಹೇಳಿದರು. ಹುಡುಗ ಅಂತರ್ಜಾಲದಲ್ಲಿ ಹುಡುಕಿ, ಕಾಂಕ್ರೀಟ್ ಕಾಮಗಾರಿಗೆ ಸಂಬಂಧಿಸಿದ ಐಎಸ್ 456 ಎಂಬ ಭಾರತೀಯ ಮಾನಕದ ಪ್ರತಿಯನ್ನು ಮುದ್ರಿಸಿ ತಂದ. ಅದರಲ್ಲಿಯೂ ಹಾಗೆಯೇ ಇತ್ತು. ಎಲ್ಲರೂ ಒಪ್ಪಿದೆವು. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ನಮ್ಮ ಭಾವನವರು ಮಾತ್ರ ಕನ್ನಡಕ ಏರಿಸಿಕೊಂಡು, "ಎಲ್ಲಾ ಸರಿ ಮರಿ, ಇದು ಯಾವ ಇಸವಿಯದು?" ಎಂದು ಕೇಳಿದರು. ನೋಡಿದರೆ ಅದು 1978ರ ಆವೃತ್ತಿ! 2000ದಲ್ಲಿ ಪರಿಷ್ಕೃತವಾದ ಆವೃತ್ತಿಯಂತೆ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಕನಿಷ್ಠ ಎಂ 20 ಇರಬೇಕು. ಅಂದರೆ ಅದು 28 ದಿನಗಳ ಅನಂತರ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡವನ್ನು ತಾಳುವಂತಿರಬೇಕು. ಮಕ್ಕಳುಮರಿ ಮಲಗುವ ಸೂರಿನ ಭದ್ರತೆ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ತಾರಸಿಯನ್ನು ಎಂ 20ರಲ್ಲಿಯೇ ಹಾಕಿಸಿದೆವು.

ಎಲ್ಲೆಲ್ಲೋ ಬಿದ್ದಿರುವ ಹಳೆಯ ಪ್ರತಿಯನ್ನು ಯಾರೂ ನೆಚ್ಚಬೇಕಾಗಿಲ್ಲ. ಭಾರತೀಯ ಮಾನಕ ಬ್ಯೂರೋದ ತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ನಮ್ಮ ದೇಶದಲ್ಲಿ ರೂಪಿಸಿದ ಮಾನಕಗಳು ತಿದ್ದುಪಡಿಗಳ ಸಮೇತ ಉಚಿತವಾಗಿ ಸಿಗುತ್ತವೆ. ಆದ್ದರಿಂದ ಮೊದಲು ಮೂಲ ಸಂಸ್ಥೆಯ ತಾಣಕ್ಕೆ ಹೋಗುವುದು, ಬರೆದವರು ಯಾರು, ಯಾವ ಇಸವಿಯದು, ಬಳಿಕ ತಿದ್ದುಪಡಿಯಾಗಿದೆಯೇ ಎಂದು ನೋಡುವುದು, ಇಷ್ಟನ್ನು ನಮ್ಮ ಮಕ್ಕಳಿಗೆ ರೂಢಿ ಮಾಡಿಸಬೇಕು.

ನಮ್ಮ ಸಮಾಜದಲ್ಲಿ ನಿವೃತ್ತ ಇಂಜಿನಿಯರುಗಳಿಗೆ ಕೊರತೆಯಿಲ್ಲ. ಅವರು ವಾರಕ್ಕೊಂದು ಗಂಟೆ ಮನೆಯ, ನೆರೆಯ ವಿದ್ಯಾರ್ಥಿಗಳ ಪಕ್ಕದಲ್ಲಿ ಕುಳಿತು, ಮಕ್ಕಳು ಹುಡುಕಿ ತಂದುದನ್ನು ನೋಡಿಕೊಟ್ಟರೆ ಅದಕ್ಕಿಂತ ಮಿಗಿಲಾದ ಜ್ಞಾನದಾಸೋಹವಿಲ್ಲ. ಬಂಧುಗಳು ಈ ಬಗ್ಗೆ ಮನಸ್ಸು ಮಾಡಬೇಕೆಂದು ನಮ್ಮ ವಿನಂತಿ.