ನಲವತ್ತರ ಮೇಲೇಳದ ಮುಳ್ಳು

ಮಲೆನಾಡಿನ ಜೀಪುಗಳಲ್ಲಿ ಜಾತಿಭೇದ ಇದ್ದದ್ದು ಬಾನೆಟ್ಟಿನ ಎತ್ತರದಲ್ಲಿ ಮಾತ್ರ. ತಗ್ಗು ಬಾನೆಟ್ಟಿನವು ಯುದ್ಧಕಾಲದವು ಅಥವಾ ಅವುಗಳ ತಮ್ಮಂದಿರು. ಎತ್ತರದ್ದು ಮಹೀಂದ್ರಾದವರು ಮಾಡುತ್ತಿದ್ದ ವಿಲ್ಲೀಸ್ ಸಿಜೆ-3ಬಿ. ಕೆಸರಿನ ಮಟ್ಟಕ್ಕೆ ಇಳಿದು ನೋಡಿದರೆ ಎಲ್ಲವೂ ನೆಂಟರೇ. ಒಂದರ ಆಕ್ಸಲ್ ಹೌಸಿಂಗು ಇನ್ನೊಂದರ ಪಟ್ಟಿಯ ಮೇಲೆ ಹೆಚ್ಚು ತಕರಾರಿಲ್ಲದೆ ಕೂರುತ್ತಿತ್ತು. ಐದು ಬೋಲ್ಟಿನ ಚಕ್ರ ಯಾರ ಮನೆಯಿಂದ ಬಂದರೂ ಹೊಂದುತ್ತಿತ್ತು.

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನದು ಎತ್ತರದ ಬಾನೆಟ್ಟು. ಪೆಟ್ರೋಲಿಗೆ ಸುರಿದು ಸಾಕಾಗಿ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಡೀಸೆಲ್ಲಿಗೆ ಬಲ ಇದೆ, ಆದರೆ ಪೆಟ್ರೋಲಿನಷ್ಟು ಬಿರುಸಾಗಿ ಸುತ್ತುವ ಉಮೇದಿಲ್ಲ. ಡಿಫರೆನ್ಷಿಯಲ್ ಮಾತ್ರ ಹಳೆಯದೇ ಉಳಿದಿತ್ತು: ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8, ಭಾಗಿಸಿದರೆ 5.38. ಪ್ರೊಪೆಲ್ಲರ್ ಶಾಫ್ಟು ಐದು ಸುತ್ತು ದಾಟಿ ಇನ್ನಷ್ಟು ಸುತ್ತಿದ ಮೇಲೆ ಚಕ್ರ ಒಂದು ಸುತ್ತು ಬರುತ್ತದೆ. ಅಡಿಕೆ ಮೂಟೆ ಹೇರಿಕೊಂಡು ಗುಡ್ಡ ಹತ್ತುವುದಕ್ಕೆ ಇದಕ್ಕಿಂತ ಬೇಕೇ? ಶಿವಮೊಗ್ಗದ ರಸ್ತೆಯಲ್ಲಿ ಮಾತ್ರ ಮುಳ್ಳು ನಲವತ್ತಕ್ಕೆ ಬಂದರೆ ಸಾಕು, ಎಂಜಿನ್ ಅರಚಲು ಶುರು. ಹಾಲಿನ ವ್ಯಾನೂ ಹಾರ್ನ್ ಹೊಡೆದು ಮುಂದೆ ಹೋಗುತ್ತಿತ್ತು.

“ಎಂಜಿನ್ನಿಗೆ ಎಂತದೂ ಆಗ್ಲಿಲ್ಲ ಗೌಡ್ರೇ, ಡಿಫ್ ಬದಲ್ಸುವ” ಎಂದರು ಗ್ಯಾರೇಜಿನ ಮೇಸ್ತ್ರಿ. ಪಕ್ಕದೂರಿನ ತೋಟದಲ್ಲಿ ಕೋಳಿಗಳು ಸಂಸಾರ ಹೂಡಿದ್ದ ಒಂದು ಡಿಸ್ಪೋಸಲ್ ಜೀಪಿತ್ತು. ವಿಲ್ಲೀಸ್ ಎಂಬಿ, ಸಾಕ್ಷಾತ್ ಎರಡನೇ ಮಹಾಯುದ್ಧದ್ದು. ಅದರ ಲೆಕ್ಕ 39ಕ್ಕೆ 8, ಅಂದರೆ 4.88.

ಚಿಕ್ಕಪ್ಪ ಬಾಯಿಮಾತಿಗೆ ದುಡ್ಡು ಬಿಚ್ಚುವವರಲ್ಲ. ಮೇಸ್ತ್ರಿ ಕೋಳಿಗಳನ್ನು ಓಡಿಸಿ, ಹಿಂದಿನ ಒಂದು ಚಕ್ರವನ್ನು ಜಾಕಿನ ಮೇಲೆ ಎತ್ತಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಟಯರಿಗೂ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆದರು. ಚಕ್ರವನ್ನು ಎರಡು ಸುತ್ತು ನಿಧಾನವಾಗಿ ತಿರುಗಿಸಿದರು. ಅಡಿಯಲ್ಲಿ ಮಲಗಿ ಶಾಫ್ಟಿನ ಗೆರೆ ಎಣಿಸುವ ಹುದ್ದೆ ನನ್ನದು. ಐದನೇ ಸುತ್ತು ಮುಗಿಯಲು ಒಂದು ಚೂರು ಬಾಕಿ ಇರುವಾಗ ನಿಂತಿತು.

“ಚಕ್ರ ಎರಡು ಸುತ್ತು ಬಂತು, ಲೆಕ್ಕಕ್ಕೆ ಒಂದೇ ಅಂತೀಯಲ್ಲ?” ಚಿಕ್ಕಪ್ಪನ ಹುಬ್ಬು ಮೇಲೆ ಹೋಯಿತು.

ಡಿಫರೆನ್ಷಿಯಲ್ಲಿನ ಗುಣವೇ ಅದು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸವನ್ನು ನಡುವಿನ ಸಣ್ಣ ಸ್ಟಾರ್ ಗೇರುಗಳು ಸರಿದೂಗಿಸುತ್ತವೆ. ಒಂದು ಚಕ್ರ ನಿಂತೇಬಿಟ್ಟರೆ ಅದರ ಪಾಲೂ ಇನ್ನೊಂದಕ್ಕೆ ಹೋಗಿ ಅದು ಎರಡರಷ್ಟು ಸುತ್ತುತ್ತದೆ. ಮಳೆಗಾಲದಲ್ಲಿ ಕೆಸರಿಗೆ ಸಿಕ್ಕ ಚಕ್ರ ಗಿರ್ರೆಂದು ಸುತ್ತಿ ನಮ್ಮ ಮುಖಕ್ಕೆಲ್ಲ ರಾಡಿ ಎರಚುವಾಗ, ಗಟ್ಟಿ ನೆಲದಲ್ಲಿರುವ ಚಕ್ರ ಸಂಬಂಧವೇ ಇಲ್ಲದಂತೆ ಕೂತಿರುವುದು ಇದರಿಂದಲೇ.

ಹಿಂದಿನದನ್ನಷ್ಟೇ ಬದಲಿಸಿ ದುಡ್ಡು ಉಳಿಸೋಣ ಎಂದು ಚಿಕ್ಕಪ್ಪ ಹೇಳಿದ್ದನ್ನೂ ದಾಖಲಿಸಬೇಕು. ಮುಂದೆ ಒಂದು ಲೆಕ್ಕ, ಹಿಂದೆ ಇನ್ನೊಂದು ಇಟ್ಟುಕೊಂಡು ಫೋರ್‌ವ್ಹೀಲ್ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಸಿಕ್ಕ ಟ್ರಾನ್ಸ್‌ಫರ್ ಕೇಸು ಪುಡಿ. ಹಾಗಾಗಿ ಎರಡೂ ಆಕ್ಸಲ್ ಬಂದವು. ಕ್ರೌನನ್ನೊಂದೇ ಕೀಳುವಂತಿಲ್ಲ, ಪಿನಿಯನ್ ಜತೆಗೇ ತಿಕ್ಕಿ ಹೊಂದಿಸಿದ ಜೋಡಿ ಅದು. ಬೇರೆ ಮಾಡಿದರೆ ಇಡೀ ಘಾಟಿ ಊಳಿಡುತ್ತದೆ. ಯು-ಬೋಲ್ಟು ಬಿಚ್ಚಿ ಹೌಸಿಂಗ್ ಸಮೇತ ಎತ್ತಿ ಕೂರಿಸುವುದೇ ಸುಖ.

ಯುದ್ಧದ ಆಕ್ಸಲ್ಲಿನ ಒಂದು ಗುಣಕ್ಕೆ ಇಂದಿಗೂ ಕೈಮುಗಿಯಬೇಕು. ಅದು ಫುಲ್ ಫ್ಲೋಟಿಂಗ್: ಗಾಡಿಯ ಭಾರವೆಲ್ಲ ಹೌಸಿಂಗಿನ ಮೇಲೆ, ಆಕ್ಸಲ್ಲಿಗೆ ತಿರುಗಿಸುವ ಕೆಲಸವಷ್ಟೇ. ಚಕ್ರ ನೆಲದಲ್ಲಿರುವಾಗಲೇ ಬೋಲ್ಟು ಬಿಚ್ಚಿ ಆಕ್ಸಲನ್ನು ಉದ್ದಕ್ಕೂ ಹೊರಗೆಳೆಯಬಹುದು. ಚಿಕ್ಕಪ್ಪನ ಹಳೆಯದರಲ್ಲಿ ಹಬ್ ಕೀಳಲು ಪುಲ್ಲರ್, ಸುತ್ತಿಗೆ, ಬೈಗುಳ ಮೂರೂ ಬೇಕಿತ್ತು. ಈಗ ನನ್ನ ಕಾರಿನ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಅಡಗಿದೆ. ಅದರ ಮುಖವನ್ನು ನಾನು ಕಂಡಿಲ್ಲ, ಕಾಣುವ ಸಂಭವವೂ ಇಲ್ಲ. ನೆಂಟಸ್ತನದ ಮಾತೆತ್ತಿದರೆ ಸರ್ವೀಸ್ ಸೆಂಟರಿನ ಹುಡುಗ ಕಂಪ್ಯೂಟರ್ ನೋಡಿ ತಲೆಯಾಡಿಸುತ್ತಾನೆ.

ಆಕ್ಸಲ್ ಕೂತವು, ತೊಂಬತ್ತರ ಆಯಿಲ್ ಬಿತ್ತು, ಚಿಕ್ಕಪ್ಪ ಶಿವಮೊಗ್ಗಕ್ಕೆ ಹೊರಟರು. ಎಂಜಿನ್ ಅದೇ ಸದ್ದಿನಲ್ಲಿ ಓಡಿತು. ಮುಳ್ಳು ನಲವತ್ತಕ್ಕೆ ಬಂದು ನಿಂತಿತು.

“ಇಷ್ಟು ದುಡ್ಡು ಸುರಿದು ಅದೇ ನಲವತ್ತಾ?” ಎಂದು ವಾಪಸು ಬಂದವರೇ ಗ್ಯಾರೇಜಿನಲ್ಲಿ ಗುಡುಗಿದರು.

ಮೇಸ್ತ್ರಿ ತಾಳ್ಮೆಯಿಂದ ವಿವರಿಸಿದರು. ಮೀಟರಿನ ಕೇಬಲ್ಲು ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಶಾಫ್ಟು ಎಷ್ಟು ತಿರುಗಿತು ಎಂಬುದಷ್ಟೇ ಅದಕ್ಕೆ ಗೊತ್ತು, ಚಕ್ರದ ಸಮಾಚಾರ ಗೊತ್ತಿಲ್ಲ. ಮುಳ್ಳು ನಲವತ್ತು ಎಂದರೆ ಗಾಡಿ ಓಡುತ್ತಿರುವುದು ನಲವತ್ನಾಲ್ಕರಲ್ಲಿ. ಚಿಕ್ಕಪ್ಪ ಒಪ್ಪಲಿಲ್ಲ. ಮುಂದಿನ ವಾರ ಅರವತ್ತು ಕಿಲೋಮೀಟರಿನ ಶಿವಮೊಗ್ಗ ಐವತ್ನಾಲ್ಕಕ್ಕೇ ಬಂದುಬಿಟ್ಟಿತು. ಆ ಲೆಕ್ಕದಲ್ಲಿ ಮೈಲೇಜೂ ಇಳಿಯಿತೆಂದು ಇನ್ನೊಂದು ಜಗಳ. ಕೊನೆಗೆ ಮೈಲಿಗಲ್ಲು ನೋಡುತ್ತಾ ಕೈಗಡಿಯಾರ ಹಿಡಿದು ಕೂರುವ ಕೆಲಸವೂ ನನ್ನ ಪಾಲಿಗೇ ಬಂತು. ನಾನು ನಲವತ್ನಾಲ್ಕು ಅಂದೆ. ಅವರು ಗಡಿಯಾರವನ್ನು ಸಂಶಯಿಸಿದರು.

ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನಿಂದ ಒಬ್ಬ ಯುವಕ ಬಂದ. ಯುದ್ಧಕಾಲದ ಜೀಪನ್ನು ಮೂಲರೂಪಕ್ಕೆ ತರುವ ಹುಚ್ಚಿನವನು. ಇಸ್ತ್ರಿ ಅಂಗಿಯಲ್ಲೇ ಜೀಪಿನಡಿ ನುಸುಳಿ, ಹೊರಬಂದು, ಆಕ್ಸಲ್ ಎರಡೇ ಸಾಕು ಎಂದ. ಹೇಳಿದ ಬೆಲೆಗೆ ಚಿಕ್ಕಪ್ಪ ಹೂಂ ಅನ್ನಲು ತಡಮಾಡಲಿಲ್ಲ. ಅಡಿಕೆ ಕೊಟ್ಟಿಗೆಯಲ್ಲಿ ಬಿದ್ದಿದ್ದ 43 ಹಲ್ಲಿನವು ಮತ್ತೆ ಜೀಪಿನಡಿ ಸೇರಿದವು.

ಆ ಸಲ ಶಿವಮೊಗ್ಗಕ್ಕೆ ಸರಿಯಾಗಿ ಅರವತ್ತು. “ನೋಡು, ಮೀಟರು ರಿಪೇರಿ ಆಯ್ತು!” ಎಂದರು ಚಿಕ್ಕಪ್ಪ. ಎಂಜಿನ್ ಅರಚಾಟದಲ್ಲಿ ನನಗೆ ಕೇಳಿಸದೆ ಎರಡು ಸಲ ಹೇಳಬೇಕಾಯಿತು.