ಬಟ್ಟೆ ಒಣಹಾಕುವ ತಂತಿ

ಮೇಷ್ಟರಾದವನಿಗೆ ತಾನು ಕಲಿಸಿದ್ದನ್ನು ನೆನೆಯುವುದು ಸುಲಭ. ತಪ್ಪಿದ್ದನ್ನು ಒಪ್ಪಿಕೊಳ್ಳುವುದು ಕಷ್ಟ. ಇಂದು ಅಂಥದೊಂದು ಪ್ರಸಂಗವನ್ನು ಬರೆಯುತ್ತಿದ್ದೇನೆ.

1984ರ ಮಾತು. ನಾನಾಗ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಏಳನೆಯ ತರಗತಿಯ ವಿಜ್ಞಾನದ ಪಾಠದ ನಡುವೆ ಹುಡುಗನೊಬ್ಬ ಎದ್ದು, "ಸಾರ್, ನಮ್ಮಮ್ಮ ತಂತಿ ಮೇಲೆ ಒದ್ದೆ ಸೀರೆ ಹಾಕಿದ್ರೆ ರೇಡಿಯೋ ದನಿ ತಗ್ಗುತ್ತೆ, ಯಾಕೆ ಸಾರ್?" ಎಂದ. ತರಗತಿ ಗೊಳ್ಳೆಂದಿತು. ನಾನೂ ನಕ್ಕು, "ನಿಮ್ಮ ರೇಡಿಯೋಗೆ ಶೀತವಾಗಿರಬೇಕು" ಎಂದುಬಿಟ್ಟೆ. ಆ ವರ್ಷ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಕೆಲವು ತಿಂಗಳ ಬಳಿಕ ಅವರ ಮನೆಗೆ ಹೋಗಬೇಕಾಯಿತು. ಹಿತ್ತಲ ಗೋಡೆಯ ಮೊಳೆಯಿಂದ ತೆಂಗಿನ ಮರದವರೆಗೆ ಕಬ್ಬಿಣದ ತಂತಿ. ಅದೇ ಮೊಳೆಗೆ ತೂಗುಹಾಕಿದ ಟ್ರಾನ್ಸಿಸ್ಟರಿನಲ್ಲಿ ಬೆಂಗಳೂರು ಆಕಾಶವಾಣಿಯ ವಾರ್ತೆ. ಹುಡುಗನ ತಾಯಿ ಸೀರೆ ಹರವಿದರು. ಸೆರಗು ಬಚ್ಚಲ ಹಾಸುಗಲ್ಲಿಗೆ ತಾಕಿತು, ದನಿ ಕುಗ್ಗಿತು. ಸೆರಗನ್ನು ಎತ್ತಿ ಕಟ್ಟಿದರು, ದನಿ ಮರಳಿತು. ಹುಡುಗ ನನ್ನ ಮುಖ ನೋಡಿದನೇ ಹೊರತು ಏನೂ ಹೇಳಲಿಲ್ಲ.

ಕಾರಣ ತಿಳಿದದ್ದು ಆಮೇಲೆ, ಪುಸ್ತಕ ತಿರುವಿದಾಗ. ರೇಡಿಯೋ ಅಲೆ ಹಾದುಹೋಗುವಾಗ ಯಾವುದೇ ಲೋಹದಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಬೇಲಿಯಾಗಲಿ, ತಗಡಿನ ಮಾಡಾಗಲಿ, ತಾನು ಆಂಟೆನಾ ಎಂಬ ಅರಿವು ಅದಕ್ಕೆ ಬೇಕಿಲ್ಲ. ಬೆಂಗಳೂರಿನ 612 ಕಿಲೋಹರ್ಟ್ಸ್ ಪ್ರಸಾರದ ಒಂದೊಂದು ಅಲೆಯ ಉದ್ದ ಸುಮಾರು 490 ಮೀಟರ್. ಅದನ್ನು ಹಿಡಿಯಲು ಟ್ರಾನ್ಸಿಸ್ಟರಿನೊಳಗೆ ಇರುವುದು ಬೆರಳುದ್ದದ ಫೆರೈಟ್ ಕಡ್ಡಿ. ಪಕ್ಕದಲ್ಲೇ ಇದ್ದ ಉದ್ದನೆಯ ತಂತಿ ತಾನು ಹಿಡಿದದ್ದನ್ನು ಆ ಕಡ್ಡಿಗೆ ದಾಟಿಸುತ್ತಿತ್ತು. ನೆಲಕ್ಕೆ ತಾಕಿದ ಒದ್ದೆ ಸೀರೆ ಅದನ್ನು ಭೂಮಿಗೆ ಹರಿಸುತ್ತಿತ್ತು. ಸಿಡಿಲಿನ ಹೊತ್ತಿನಲ್ಲಿ ಇಂಥ ತಂತಿಯ ಬಳಿ ರೇಡಿಯೋ ಇಡಬಾರದು ಎಂಬುದಕ್ಕೂ ಕಾರಣ ಇದೇ.

ಇನ್ನೂ ಸೋಜಿಗವೆಂದರೆ, ಪ್ರಬಲ ಪ್ರಸಾರ ಗೋಪುರದ ತೀರ ಸಮೀಪದಲ್ಲಿ ತುಕ್ಕು ಹಿಡಿದ ಬೇಲಿಯ ಗಂಟುಗಳು ರೇಡಿಯೋ ಇಲ್ಲದೆಯೇ ಸಣ್ಣಗೆ ನುಡಿಯುವುದುಂಟು. ತುಕ್ಕಿನ ಗಂಟು ವಿದ್ಯುತ್ತನ್ನು ಒಂದು ದಿಕ್ಕಿಗೆ ಸಲೀಸಾಗಿ, ಇನ್ನೊಂದಕ್ಕೆ ತಡೆದು ಬಿಡುತ್ತದೆ. ಜಗದೀಶಚಂದ್ರ ಬೋಸರು ಸೀಸದ ಅದಿರಿನ ಹರಳಿನಲ್ಲಿ ಇಂಥದೇ ಗುಣವನ್ನು ಬಳಸಿ ಅಲೆಗಳನ್ನು ಗುರುತಿಸಿದರು. 1901ರಲ್ಲಿ ಅರ್ಜಿ ಸಲ್ಲಿಸಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಆ ಹುಡುಗನ ಪ್ರಶ್ನೆಯನ್ನು ಹಿಡಿದು ಹೊರಟಿದ್ದರೆ ನಮ್ಮ ತರಗತಿ ಅಂದು ಬೋಸರವರೆಗೆ ಹೋಗಬಹುದಿತ್ತು.

ಮರುದಿನವೇ ಎಲ್ಲರೆದುರು ನನ್ನ ತಪ್ಪನ್ನು ಹೇಳಬೇಕಿತ್ತು. ಮೇಷ್ಟರೆಂಬ ಹಮ್ಮು ಬಿಡಲಿಲ್ಲ. ಅವನು ತೇರ್ಗಡೆಯಾಗಿ ಬೇರೆ ಶಾಲೆಗೆ ಹೋದ. ಮಗೂ, ಎಲ್ಲಿದ್ದರೂ ಇದನ್ನು ಓದಿದರೆ ತಿಳಿ: ನೀನು ನೋಡಿದ್ದು ಸರಿಯಾಗಿತ್ತು. ನಕ್ಕವರಲ್ಲಿ ಮೊದಲು ಕ್ಷಮೆ ಕೇಳಬೇಕಾದವನು ನಾನು, ಕೇಳುತ್ತಿದ್ದೇನೆ.